ಒಣಮರದ ಮೇಲಿನ ಹದ್ದು

ನಾನೊಂದು ದುರ್ಬೀನು. ಹುಟ್ಟಿದ್ದು ಯಾವ ಊರಿನ ಕಾರ್ಖಾನೆಯಲ್ಲೋ ನೆನಪಿಲ್ಲ, ಮೈಮೇಲಿದ್ದ ಅಕ್ಷರಗಳೂ ಬೆವರಿಗೆ ಅಳಿಸಿಹೋಗಿವೆ. ಕೊಳವೆಗಳಿಗೆ ಗಾಜು ಕೂರಿಸಿ, ನಡುವೆ ತಿರುಗಣೆ ಜೋಡಿಸಿದ ಮೇಲೆ ಒಬ್ಬ ಮುದುಕ ನನ್ನನ್ನು ಕಣ್ಣಿಗೆ ಹಿಡಿದು, ದೂರದ ಹೊಗೆಗೂಡನ್ನು ನೋಡಿ "ಸರಿಯಾಗಿದೆ" ಎಂದ. ಅವನ ಮಾತನ್ನು ನಾನು ನಂಬಿದೆ. ಆಮೇಲೆ ಯಾರ ಮಾತನ್ನೂ ಅಷ್ಟು ಸುಲಭವಾಗಿ ನಂಬಿದ್ದಿಲ್ಲ.

ಅದಕ್ಕೆ ಕಾರಣ ನನ್ನ ಮೊದಲ ಯಜಮಾನ ದೊರೆಸ್ವಾಮಿ. ಕುದುರೆ ರೇಸಿನ ಹುಚ್ಚಿನವರು. ಅವರು ಕುದುರೆಯನ್ನು ನೋಡುತ್ತಲೇ ಇರಲಿಲ್ಲ, ಸವಾರನ ಕೈಯನ್ನಷ್ಟೇ ನೋಡುತ್ತಿದ್ದರು. "ಲಗಾಮು ಎಳೆದ್ಬಿಟ್ಟ ಕಣ್ರೀ ಕಳ್ಳ!" ಎಂದು ಕೂಗುತ್ತಿದ್ದರು. ಎಳೆದದ್ದು ನನಗೆ ಒಮ್ಮೆಯೂ ಕಂಡಿರಲಿಲ್ಲ. ಆದರೂ ಒಂಬತ್ತು ವರ್ಷ ಅಂಥವರ ಕೊರಳಲ್ಲಿ ನೇತಾಡಿದರೆ ಯಾರಿಗಾದರೂ ಅನುಮಾನದ ಚಾಳಿ ಅಂಟುತ್ತದೆ.

ಅವರ ನಂತರ ನಾನು ಹಳೆ ಸಾಮಾನಿನ ಅಂಗಡಿ ಸೇರಿದೆ. ಅಲ್ಲಿಂದ ನನ್ನನ್ನು ಮನೆಗೆ ಕರೆತಂದವರು ಮೈಸೂರಿನ ವಾಗ್ದೇವಿ ಮೇಡಂ. ಆಗಷ್ಟೇ ನಿವೃತ್ತರಾಗಿದ್ದ ಗಣಿತದ ಟೀಚರ್. ಅವರಿಗೆ ಹಕ್ಕಿಗಳೆಂದರೆ ಪ್ರಾಣ. ನೋಡಿದ ಪ್ರತಿ ಹಕ್ಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. "ಇಬ್ಬರು ನೋಡಿದ್ರೆ ಹಕ್ಕಿ. ಒಬ್ಬರೇ ನೋಡಿದ್ರೆ ಅದು ಬರೀ ಆಸೆ," ಎನ್ನುತ್ತಿದ್ದರು. ಆ ಎರಡನೆಯವರು ಯಾವಾಗಲೂ ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಗೆಳತಿ ಚಂಪಾ. ಹನ್ನೊಂದು ವರ್ಷದ ನೋಟ್‌ಬುಕ್ಕು ಚಂಪಾ ಅವರ "ಹೌದು" ಎಂಬ ಒಂದು ಮಾತಿನ ಮೇಲೆ ನಿಂತಿತ್ತು.

ಒಂದು ಜನವರಿಯಲ್ಲಿ ಇವರಿಬ್ಬರೂ, ಡ್ರಿಲ್ ಟೀಚರ್ ಆಗಿದ್ದ ಮೆಟಿಲ್ಡಾ ಅವರೂ ಅಂಡಮಾನಿನ ಒಂದು ಪುಟ್ಟ ದ್ವೀಪಕ್ಕೆ ಹೊರಟರು. ಐದು ದಿನದ ಪ್ರವಾಸ. ನಾಲ್ಕನೆಯ ದಿನ ತಿಂಡಿ ತಿನ್ನುತ್ತಾ ಚಂಪಾ, "ಇನ್ನೂ ಮೂರು ದಿನ ಇದ್ದು ಹೋಗೋಣ ಕಣ್ರೇ," ಎಂದರು.

ನನ್ನ ಗಾಜು ಚುರುಕಾಯಿತು. ಈ ಚಂಪಾ ಎಂಥವರೆಂದರೆ, ನಂಜನಗೂಡಿಗೆ ಹೋದರೂ ಮಧ್ಯಾಹ್ನದೊಳಗೆ "ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ" ಎಂದು ಎಲ್ಲರನ್ನೂ ವಾಪಸ್ ಹೊರಡಿಸುವವರು. ಅಂಥವರಿಗೆ ಇದ್ದಕ್ಕಿದ್ದಂತೆ ಸಮುದ್ರದ ಮೇಲೆ ಇಷ್ಟು ಪ್ರೀತಿಯೇ? ಇದರಲ್ಲೇನೋ ಇದೆ ಅಂದುಕೊಂಡೆ.

ಉಳಿದರು. ಬೆಳಗ್ಗೆ ಮರಳಿನಲ್ಲಿ ಏಡಿಗಳ ಓಟ, ಸಂಜೆ ಬಂಡೆಗಳ ನಡುವೆ ಬೂದು ಬಣ್ಣದ ಕೊಕ್ಕರೆ. ಆದರೆ ನನ್ನ ಗಮನ ಚಂಪಾ ಅವರ ಮೇಲಿತ್ತು. ಮೇಡಂ "ಅಗೋ ಮಿಂಚುಳ್ಳಿ" ಎಂದರೆ ನನ್ನೊಳಗೆ ಕಾಣುತ್ತಿದ್ದುದು ಒಂದು ಒಣ ತೆಂಗಿನ ಗರಿ. ಮೇಡಂ ತಪ್ಪುವವರಲ್ಲ, ನನ್ನ ಗಾಜಿಗೇ ಬೂಷ್ಟು ಹಿಡಿದಿರಬೇಕು ಅಂದುಕೊಳ್ಳುತ್ತಿದ್ದೆ. ಚಂಪಾ ನನ್ನನ್ನು ಕಣ್ಣಿಗೆ ತಾಗಿಸಿದೊಡನೆ "ಹೌದು ಕಣೇ, ಎಷ್ಟು ಚೆನ್ನಾಗಿದೆ!" ಎನ್ನುತ್ತಿದ್ದರು. ಗರಿಯನ್ನು ನೋಡಿ ಯಾರಾದರೂ ಹಾಗೆನ್ನುತ್ತಾರೆಯೇ? ಹಸಿ ಸುಳ್ಳು.

ಮೇಡಂಗೂ ಅನುಮಾನ ಬಂದಿತ್ತು. ರೂಮಿನಲ್ಲಿ ನನ್ನನ್ನು ಒರೆಸುತ್ತಾ, "ಇವಳು ನೋಡೋದೇ ಇಲ್ಲ, ಸುಮ್ನೆ ತಲೆ ಆಡಿಸ್ತಾಳೆ," ಎಂದು ಗೊಣಗಿದರು. ಹಾಗಾದರೆ ನೋಟ್‌ಬುಕ್ಕಿನ ಗತಿ? ಹನ್ನೊಂದು ವರ್ಷದ ಹಕ್ಕಿಗಳೆಲ್ಲ ಸುಳ್ಳಾಗುತ್ತವೆ, ಗೆಳೆತನವೂ.

ಕೊನೆಯ ಬೆಳಗ್ಗೆ ಮೆಟಿಲ್ಡಾ ಮೊಣಕಾಲುದ್ದ ನೀರಿನಲ್ಲಿ ನಿಂತು ಅಲೆಗಳೊಂದಿಗೆ ಆಡುತ್ತಿದ್ದರು. ಮೇಡಂ ನನ್ನನ್ನು ಕೊಲ್ಲಿಯ ಆಚೆ ದಡದ ಒಣಮರದತ್ತ ತಿರುಗಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಚಂಪಾ, ಆ ಒಣಮರದ ತುದೀಲಿ ಕಡಲ ಹದ್ದು ಕೂತಿದೆ, ನೋಡು," ಎಂದರು.

ಕೂತಿತ್ತು. ಬಿಳಿ ಹೊಟ್ಟೆ, ಬೂದು ರೆಕ್ಕೆ, ಉಗುರಡಿಯಲ್ಲಿ ಮೀನು. ನನ್ನ ಎರಡೂ ಗಾಜಿನ ತುಂಬ ಅದೇ.

ಚಂಪಾ ನೋಡಿ, "ಹೌದು ಕಣೇ, ಕೂತಿದೆ," ಎಂದರು.

"ಕೂತಿದ್ಯಾ?" ಮೇಡಂ ನನ್ನನ್ನು ಅವರ ಕೈಯಿಂದ ಕಿತ್ತುಕೊಂಡರು. "ಅಲ್ಲೇನೂ ಇಲ್ಲ! ನಿನ್ನ ಪರೀಕ್ಷೆ ಮಾಡೋಕೆ ಬೇಕಂತ್ಲೇ ಹೇಳಿದ್ದು ನಾನು. ಇಷ್ಟು ವರ್ಷನೂ ಹೀಗೇ ಸುಳ್ಳು ಹೇಳ್ಕೊಂಡು ಬಂದ್ಯಾ?"

ಬೂಷ್ಟು ಹಿಡಿದದ್ದು ನನಗಲ್ಲ. ಮೆಟಿಲ್ಡಾರನ್ನು ಒಮ್ಮೆ ಕೂಗಿದ್ದರೆ ಚಂಪಾ ಗೆದ್ದುಬಿಡುತ್ತಿದ್ದರು. ಕೂಗಲಿಲ್ಲ. ಆಚೆ ದಡವನ್ನು ನೋಡಿದರು, ಮೇಡಂ ಮುಖವನ್ನು ನೋಡಿದರು. "ತಪ್ಪಾಯ್ತು ಕಣೇ. ಸುಮ್ನೆ ಹೇಳಿಬಿಟ್ಟೆ," ಎಂದರು.

ವಾಪಸ್ ಬರುವ ಹಡಗಿನಲ್ಲಿ ಮೇಡಂ ಬೇರೆ ಸಾಲಿನಲ್ಲಿ ಕೂತರು. ನಾನಿದ್ದ ಚೀಲ ಮೆಟಿಲ್ಡಾ ಅವರ ಕಾಲ ಬಳಿ ಇತ್ತು, ಪಕ್ಕದಲ್ಲಿ ಚಂಪಾ.

"ನಾನೂ ನೋಡಿದ್ನಲ್ಲ ಹದ್ದನ್ನ. ಯಾಕೆ ತಪ್ಪು ಒಪ್ಕೊಂಡೆ?" ಎಂದರು ಮೆಟಿಲ್ಡಾ.

"ನಿಂಗೆ ಕಣ್ಣು ಕಾಣಲ್ಲ ಅಂತ ಅವಳಿಗೆ ನಾನು ಹೇಗೆ ಹೇಳ್ಲಿ? ಕಾಫೀನ ಲೋಟದ ಪಕ್ಕಕ್ಕೆ ಸುರೀತಾಳೆ, ನೋಡ್ಲಿಲ್ವಾ? ಊರಿಗೆ ಹೋದ ಮೇಲೆ ಡಾಕ್ಟರೇ ಹೇಳ್ಲಿ. ಅದಕ್ಕೂ ಮುಂಚೆ ಇನ್ನು ಮೂರು ದಿನ ನೋಡ್ಕೊಳ್ಲಿ ಅಂತ್ಲೇ ನಾನು ಹಟ ಹಿಡಿದಿದ್ದು."

ಇದನ್ನೂ ನಾನು ತಕ್ಷಣ ನಂಬಲಿಲ್ಲ. ನನ್ನ ಹಣೆಬರಹವೇ ಅಂಥದ್ದು.

ಊರಿನಲ್ಲಿ ಮೆಟಿಲ್ಡಾ ಅವರೇ ಮೇಡಂರನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದರಂತೆ. ಮೇಡಂ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ನನ್ನನ್ನು ಕೊರಳಿಗೆ ಹಾಕಿಕೊಂಡು ಆಟೋ ಹತ್ತಿದರು.

ಅಂದಿನಿಂದ ನಾನು ಚಂಪಾ ಅವರ ಮನೆಯ ಕಿಟಕಿಯ ಮೊಳೆಯಲ್ಲಿ ತೂಗುತ್ತಿದ್ದೇನೆ. ವಯಸ್ಸಾಗಿದೆ, ತಿರುಗಣೆ ಸಡಿಲವಾಗಿದೆ, ಗಾಜಿಗೆ ಈಗ ನಿಜವಾಗಿಯೂ ಬೂಷ್ಟು ಬಂದಿದೆ. ಜೀವಮಾನವೆಲ್ಲ ದೂರದ್ದನ್ನು ಹತ್ತಿರ ತೋರಿಸಿದೆ, ಆದರೆ ಪಕ್ಕದಲ್ಲಿದ್ದವರನ್ನು ತಪ್ಪಾಗಿಯೇ ನೋಡಿದೆ. ಅದು ಈಗಲೂ ಚುಚ್ಚುತ್ತದೆ. ಹಾಗಾದಾಗಲೆಲ್ಲ ಇಲ್ಲಿಗೆ ಬಂದ ಆ ಮೊದಲ ದಿನವನ್ನು ನೆನೆಯುತ್ತೇನೆ.

ಮೇಡಂ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಕೂರಲೂ ಇಲ್ಲ. "ಚಂಪಾ, ಆವತ್ತು ಆ ಮರದ ಮೇಲೆ ಹದ್ದು ಇತ್ತಾ?"

ಚಂಪಾ ಕುರ್ಚಿಯನ್ನು ಮುಂದಕ್ಕೆ ಎಳೆದರು. "ಇತ್ತು."

"ಹೇಳ್ಬಾರ್ದಿತ್ತೇನೇ?"

"ಹೇಳಿದ್ನಲ್ಲೇ."

ಮೇಡಂ ತಡಕಾಡಿ ಕುರ್ಚಿ ಹಿಡಿದು ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, "ಹೇಗಿತ್ತು? ಒಂದೂ ಬಿಡದೆ ಹೇಳು," ಎಂದರು.

ಚಂಪಾ ಹೇಳತೊಡಗಿದರು. ಹೊಟ್ಟೆಯ ಬಿಳುಪು, ಕೊಕ್ಕಿನ ಬಾಗು, ಉಗುರಡಿಯಲ್ಲಿ ಇನ್ನೂ ಮಿಸುಕುತ್ತಿದ್ದ ಮೀನಿನ ಬಾಲ. ನಾನು ಹಳೇ ಚಾಳಿಯಂತೆ ಎಲ್ಲಿ ಸುಳ್ಳು ಸೇರಿಸುತ್ತಾರೋ ಎಂದು ಕಾಯುತ್ತಾ ಕೇಳಿದೆ. ಕೊನೆಯವರೆಗೂ ಒಂದೂ ಸಿಗಲಿಲ್ಲ.