ಕಂಠದೊಳಗಿನ ಗೆರೆ

ಮುಂಬಯಿಯ ದಹಿಸರಿನ ಶೆಟ್ಟೆಪ್ಪನ ಗಡಿಗೆ ಎಂದರೆ ಬೊರಿವಲಿಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದ ಕಾಲ ಅದು, ಎಪ್ಪತ್ತರ ಆಚೀಚೆ. ಅಯ್ಯೋ, ಆ ಶೆಟ್ಟೆಪ್ಪನೋ! ಅವನು ಮಾಡಿದ ಗಡಿಗೆ ನೆಟ್ಟಗೆ ನಿಂತರೆ ಸೂರ್ಯ ಪಶ್ಚಿಮಕ್ಕೆ ಹುಟ್ಟಿದ ಹಾಗೆ. ಮಾಡುತ್ತಿದ್ದವಳು ಅವನ ಹೆಂಡತಿ ಗುರುಬಾಯಿ. ಚಾಳಿನ ಹಿಂದಿನ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಅವಳು ತಿಗರಿ ತಿರುಗಿಸುತ್ತಿದ್ದಳು, ತಿರುಗುವ ಮಣ್ಣಿನಿಂದ ಗಡಿಗೆ ಎಬ್ಬಿಸುತ್ತಿದ್ದಳು. ಗಿರಾಕಿಯ ಸದ್ದಾದರೆ ಈ ಮಹಾರಾಯ ಮೊಣಕೈತನಕ ಕೆಸರು ಬಳಿದುಕೊಂಡು ಹೊರಗೆ ಬರುತ್ತಿದ್ದ. "ಈಗಷ್ಟ ತಿಗರಿ ಬಿಟ್ಟು ಎದ್ದೆ ನೋಡ್ರಿ" ಎಂದು ಹಣೆ ಒರೆಸಿಕೊಳ್ಳುತ್ತಿದ್ದ. ದುಡಿಮೆ ಇವಳದು, ಹೆಸರು ಅವನದು.

ಬೇರೆ ದಾರಿಯೂ ಇರಲಿಲ್ಲ. ವಿಜಾಪುರದ ಕಡೆಯಿಂದ ಬಂದ ಅವರ ಕುಂಬಾರ ಮನೆತನಗಳಲ್ಲಿ ಹೆಂಗಸು ಮಣ್ಣು ತುಳಿಯಬಹುದು, ಆವಿಗೆಗೆ ಕಟ್ಟಿಗೆ ಹೊರಬಹುದು, ಬುಟ್ಟಿ ಹೊತ್ತು ಮಾರಬಹುದು. ತಿಗರಿಯನ್ನು ಮಾತ್ರ ಮುಟ್ಟಬಾರದು. ಮುಟ್ಟಿದರೆ ಆ ಮನೆಯ ನೀರು ಕೂಡ ಯಾರೂ ಕುಡಿಯರು. ಹಾಗಾಗಿ ಗುರುಬಾಯಿ ಮದುವೆಯಾಗಿ ಬಂದಾಗಿನಿಂದ ಕಳ್ಳಿಯ ಹಾಗೆ ಕದ್ದು ದುಡಿದಳು. ಅವಳಿಗೆ ಇದ್ದುದು ಒಂದೇ ಹಟ. ಮಗಳು ಸೇವಂತಿಗೆ ಈ ಬಾಳು ಬೇಡ, ಅವಳ ಉಗುರಿಗೂ ಈ ಕೆಸರು ತಾಗಬಾರದು. ಹುಡುಗಿ ತಿಗರಿಯ ಹತ್ತಿರ ಸುಳಿದರೆ ಬೆನ್ನಿಗೆ ಗುದ್ದಿ ಓಡಿಸುತ್ತಿದ್ದಳು.

ಮುಲುಂಡಿನ ಹುಡುಗ ಅಣವೀರಪ್ಪನ ಸಂಬಂಧ ಬಂದಾಗ ಅವಳು ಕುಣಿದು ಒಪ್ಪಿದ್ದು ಅದಕ್ಕೇ. ಅವರೂ ಕುಂಬಾರರೇ. ಆದರೆ ಹುಡುಗ ಪ್ಯಾಂಟು ತೊಟ್ಟು ಲೋಕಲ್ ಹತ್ತಿ ಕಾರಖಾನೆಗೆ ಹೋಗುವವನು. "ನಾವು ತಿಗರಿ ಬಿಟ್ಟು ಭಾಳ ಕಾಲ ಆತ್ರಿ" ಎಂದಿದ್ದಳು ಅವನ ತಾಯಿ ರಾಚವ್ವ. ಆ ಒಂದು ಮಾತಿಗೆ ಗುರುಬಾಯಿ ಮಗಳನ್ನು ಕೊಟ್ಟಳು.

ಮದುವೆಗೆ ಮುಂಚೆ ಕುಂಬಾರನ ಮನೆಯಿಂದ ಬಾಜಾ ಬಜಂತ್ರಿಯೊಡನೆ ಐರಣಿ ಗಡಿಗೆ ತರುವುದು ಅವರ ಪದ್ಧತಿ. ಹೆಣ್ಣಿನ ತಂದೆಯೇ ಕುಂಬಾರ, ಇನ್ನು ಬೇರೆ ಮನೆ ಯಾಕೆ? ಬೀಗರು ಅಲ್ಲಿಗೇ ಬಂದರು. ಹೊರಗೆ ಶೆಟ್ಟೆಪ್ಪನಿಗೆ ರುಮಾಲು ಸುತ್ತಿ, ತೆಂಗಿನಕಾಯಿ ಕೊಟ್ಟು, "ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕಪಾ" ಎಂದು ಹೊಗಳುತ್ತಿದ್ದರು. ಆ ನಾಚಿಕೆಗೆಟ್ಟವನು ಹೂಂಗುಟ್ಟುತ್ತಿದ್ದ. ರಾಚವ್ವ ಮಾತ್ರ ಹಿಂದಿನ ಖೋಲಿಗೆ ಬಂದು, ಸುಣ್ಣ ಕೆಮ್ಮಣ್ಣಿನ ಚಿತ್ರ ಬರೆದಿಟ್ಟ ಗಡಿಗೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಒಂದರ ಕಂಠದೊಳಗೆ ಬೆರಳಾಡಿಸಿ ಗಕ್ಕನೆ ನಿಂತಳು.

"ಇದು ಬಳಿ ಗೆರಿ."

ಗುರುಬಾಯಿ ತನ್ನ ಕೈ ನೋಡಿಕೊಂಡಳು. ಮಗಳ ಮದುವೆಯ ಸಡಗರದಲ್ಲಿ ಬಳೆ ತೆಗೆದಿಡುವುದನ್ನು ಮರೆತು ತಿಗರಿಗೆ ಕುಳಿತಿದ್ದಳು!

"ಹಸಿ ಇದ್ದಾಗ ನಾನ ಎತ್ತಿಟ್ಟಿದ್ನಿರಿ ಅಕ್ಕಾರ, ಆವಾಗ ತಾಗಿರಬೇಕು."

"ಎತ್ತಿಡಬೇಕಾದ್ರ ತಾಗಿದ್ರ ಒಂದು ಕಡೆ ಗೀರತಿತ್ತು. ಇದು ಸುತ್ತಾಕಡೆ ಬಂದದ. ತಿಗರಿ ತಿರಗುವಾಗ ಬಿದ್ದ ಗೆರಿ." ರಾಚವ್ವ ಎದ್ದು ಬಾಗಿಲು ಹಾಕಿದಳು. "ಕೂಡು. ಮಣ್ಣು ಹಿಡಿ. ನೋಡೇಬಿಡ್ತೀನಿ."

ಮೂಲೆಯಲ್ಲಿ ಸೇವಂತಿ ಕಣ್ಣರಳಿಸಿ ನಿಂತಿದ್ದಳು. ಗುರುಬಾಯಿ ಕುಳಿತಳು. ಕೋಲು ಹಾಕಿ ತಿಗರಿ ತಿರುಗಿಸಿದಳು. ಶಿವನೇ, ಎಂಥ ಶಿಕ್ಷೆ! ಕೈಗಳು ತಾವಾಗಿ ಮಣ್ಣನ್ನು ನಡುವಿಗೆ ತರುತ್ತಿದ್ದವು, ಅವಳು ಹಟದಿಂದ ಕೆಡಿಸುತ್ತಿದ್ದಳು. ಇಷ್ಟು ವರ್ಷ ಕಲಿತದ್ದನ್ನೆಲ್ಲ ಮಗಳಿಗಾಗಿ ಹಾಳುಗೆಡವಿದಳು. ಮಣ್ಣು ವಾಲಿತು, ಹರಿಯಿತು, ಸೆಗಣಿಯ ಹಾಗೆ ತೊಪ್ಪೆಂದು ಬಿತ್ತು. ಸದ್ಯ, ಗೆದ್ದೆ ಎಂದುಕೊಂಡಳು.

"ಥೂ!" ಎಂದಳು ರಾಚವ್ವ. "ಇವೇನು ಕೈಯೋ ಕಾಲೋ? ಎಮ್ಮಿ ಕೆಸರು ತುಳದಂಗ ಆತು. ಇಂಥ ದಡ್ಡಿ ಹೊಟ್ಟ್ಯಾಗ ಹುಟ್ಟಿದಾಕಿ ಏನು ಬಾಳೇ ಮಾಡ್ಯಾಳು?"

ಗುರುಬಾಯಿ ತಲೆ ತಗ್ಗಿಸಿ ಬಿದ್ದ ಮಣ್ಣನ್ನು ಮತ್ತೆ ಮುದ್ದೆ ಮಾಡಿದಳು. ಅವಮಾನ ಅವಳಿಗೆ ಸಕ್ಕರೆಯಷ್ಟು ಸವಿಯಾಗಿತ್ತು. ಸೇವಂತಿಗೆ ಮಾತ್ರ ತಡೆಯಲಾಗಲಿಲ್ಲ. ಹುಡುಗಿಯ ಮುಖ ಕೆಂಪಗಾಗಿತ್ತು.

"ಬಸ್ ಆತು ಅತ್ತೀ! ನಮ್ಮ ಅವ್ವಗ ಏನೂ ಅನಬ್ಯಾಡ್ರಿ. ಅವ್ವಾ, ಹಟ್ ನಾ, ನೀ ಏಳು."

"ಬ್ಯಾಡ ಸೇವಂತಿ. ನನ್ನಾಣಿ ಬ್ಯಾಡ!"

ಬೀಗತಿಯ ಎದುರು ಅವ್ವನ ಕೈ ತಪ್ಪಿತು, ನಾಚಿಕೊಂಡು ಹಾಗೆನ್ನುತ್ತಾಳೆ ಎಂದುಕೊಂಡಳು ಹುಚ್ಚು ಹುಡುಗಿ. ತಾಯಿಯನ್ನು ಪಕ್ಕಕ್ಕೆ ಸರಿಸಿ ಕುಳಿತಳು. ಬಾಗಿಲ ಸಂದಿಯಿಂದ ನೋಡಿ ಕಲಿತಳೋ, ತಾಯಿ ಸಂತೆಗೆ ಹೋದಾಗ ಕದ್ದು ಕಲಿತಳೋ, ಯಾರಿಗೆ ಗೊತ್ತು? ಆ ಎಳೆಯ ಬೆರಳುಗಳ ನಡುವೆ ಮಣ್ಣು ಎದ್ದಿತು, ಹೊಟ್ಟೆ ಬಿಟ್ಟಿತು, ಕಂಠ ಮಾಡಿಕೊಂಡಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆ ಹಿಡಿದವಳು ಹೊಟ್ಟೆಯ ಮಗಳೇ ಆಗಿದ್ದಳು. ಇನ್ನು ರಾಚವ್ವ ಹೊರಗೆ ಹೋಗಿ ಕೂಗುತ್ತಾಳೆ, ಮದುವೆ ಮುರಿಯಿತು ಎಂದು ಗುರುಬಾಯಿ ಕಣ್ಣು ಮುಚ್ಚಿಕೊಂಡಳು.

ರಾಚವ್ವ ನಗುತ್ತಿದ್ದಳು.

"ಶಾಬಾಸ್ ನನ್ನ ಸೊಸಿ! ಹೋಗವ್ವಾ, ಹಿತ್ತಲ ನಳದಾಗ ಕೈ ತೊಳಕೊಂಡು ಬಾ." ಹುಡುಗಿ ಹೊರಗೆ ಹೋದ ಮೇಲೆ ಬೀಗತಿಯ ಪಕ್ಕ ಕುಕ್ಕರಿಸಿದಳು. "ಗೆರಿ ಹ್ಯಾಂಗ ಗುರ್ತು ಹಿಡದಳು ಈಕಿ ಅಂತ ಕೇಳಲಿಲ್ಲಲ್ಲ ನೀ? ನಾನೂ ಗಂಡನ ಹೆಸರಿಲೆ ಹಿಂದಿನ ಖೋಲ್ಯಾಗ ಕೂತು ಕೂದಲಾ ಹಣ್ಣ ಮಾಡಿಕೊಂಡಾಕಿ. ತಿಗರಿ ಬಿಟ್ಟೀವಿ ಅಂದದ್ದು ಬರೇ ಮಾತು. ಈಗ ಬೆರಳ ಸಂದು ಹಿಡದಾವ. ಮಗನ ಕಾರಖಾನಿ ಬಾಗಲಾ ಹಾಕ್ಯಾರ. ಪ್ಯಾಂಟ್ ತೊಟ್ಟು ಲೋಕಲ್‌ನ್ಯಾಗ ಸುಮ್ಮ ತಿರಗಾಡಿ ಬರ್ತಾನ. ತಿಗರಿ ಅವಂಗ ಬರೂದಿಲ್ಲ. ನನ್ನ ಜಾಗಾಕ್ಕ ಒಬ್ಬಾಕಿ ಬೇಕಿತ್ತು."

"ನೀವೂ ಅನುಭವಿಸೀರಿ. ಈ ನರಕ ನಿಮಗ ಗೊತ್ತದ!" ಎಂದಳು ಗುರುಬಾಯಿ. "ನಾ ಹೆಣ್ಣು ಕೊಡೂದಿಲ್ಲ."

"ಗೊತ್ತದ. ಅದಕ್ಕ ನಾ ಆ ನರಕದಾಗಿಂದ ಎದ್ದು ಹೊಂಟೀನಿ. ಕೊಡೂದಿಲ್ಲ ಅಂದ್ರ ಹೊರಗ ಹೋಗಿ ಹೇಳು, ಯಾಕ ಕೊಡೂದಿಲ್ಲ ಅಂತ. ಗಡಿಗಿ ನನ್ನ ಕೈಯಾಗ ಅದ. ತಿಗರಿ ಮುಟ್ಟಿದ ಹುಡುಗಿನ್ನ ಆಮ್ಯಾಲ ಯಾರು ಮಾಡಿಕೊಂತಾರ, ನೋಡೂಣಂತ."

ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೊರಗೆ ಬಾಜಾ ಶುರುವಾಯಿತು. "ಏನ ತಡಾ ಅದು? ಗಡಿಗಿ ತರ್ರಿ!" ಎಂದು ಶೆಟ್ಟೆಪ್ಪ ರುಮಾಲು ತಟ್ಟಿಕೊಂಡು ಕೂಗಿದ. ಗುರುಬಾಯಿ ಎದ್ದಳು. ಗಡಿಗೆಗಳಿಗೆ ಅರಿಸಿನ ಕುಂಕುಮ ಹಚ್ಚಿ, ಒಂದೊಂದಾಗಿ ಬೀಗತಿಯ ಕೈಗೆ ಕೊಟ್ಟಳು.

ಅಷ್ಟರಲ್ಲಿ ಸೇವಂತಿ ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತ ಓಡಿ ಬಂದು ತಾಯಿಯ ಕಿವಿಯ ಹತ್ತಿರ ಬಾಗಿದಳು. ಹಿಗ್ಗು ಅವಳ ಮುಖದಲ್ಲಿ ತುಳುಕುತ್ತಿತ್ತು.

"ನೋಡಿದ್ಯೇನವ್ವಾ? ನಿನ್ನ ಮರ್ಯಾದಿ ಉಳಿಸಿದೆ."

"ಹೌದವ್ವಾ," ಎಂದಳು ಗುರುಬಾಯಿ, "ಉಳಿಸಿದಿ."