ಕೊಬ್ಬಿನ ಗಂಟು

“ಕೊಬ್ಬಿನ ಗಂಟಿಗೆ ಆಸ್ಪತ್ರೆ ಸೇರೋರನ್ನ ನಾನು ಎಲ್ಲೂ ನೋಡಿಲ್ಲ,” ಎಂದು ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತೇ ಗೊಣಗಿದಳು. “ನಾಲ್ಕು ದಿನ ಬೆಳಿಗ್ಗೆ ಎದ್ದು ನಡೆದ್ರೆ ತಾನೇ ಕರಗುತ್ತೆ. ನಿಮಗೆ ಎಲ್ಲದಕ್ಕೂ ಗಾಬರಿ.”

ಹೊಟ್ಟೆ ಖಾಲಿ ಇರಬೇಕೆಂದು ಆಸ್ಪತ್ರೆಯವರು ಹೇಳಿದ್ದರಿಂದ ಎದ್ದಾಗಿನಿಂದ ಅವಳು ಒಂದು ತೊಟ್ಟು ಕಾಫಿಯನ್ನೂ ಕುಡಿದಿರಲಿಲ್ಲ. ಆ ಸಿಟ್ಟನ್ನೆಲ್ಲ ಶಾಲೆಯ ಮಕ್ಕಳ ಅಂಗಿಗಳ ಮೇಲೆ ತೀರಿಸುತ್ತಾ ಗುಂಡಿ ಹಚ್ಚುತ್ತಿದ್ದಳು. ಗಂಡ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ.

“ಸಣ್ಣ ಕೆಲಸ ಕಣೇ. ಹೋದ ಹಾಗೆ ಬಂದ್ಬಿಡ್ತೀವಿ.”

“ಹಾಗಾದ್ರೆ ನಿಮ್ಮ ಮುಖ ಯಾಕೆ ಹೀಗಿದೆ? ಸೂಜಿ ಚುಚ್ಚಿಸ್ಕೊಳ್ಳೋಳು ನಾನು.”

ಅವನು ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿ ತಲೆ ನರೆಸಿಕೊಂಡವನು. ಎಲ್ಲೋ ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಬಗ್ಗೆ ಜನ ಕಿಟಕಿಗೆ ಬಂದು ಕೇಳಿದರೆ, “ಇನ್ನೇನು ಬಂತು, ಕೂತ್ಕೊಳ್ಳಿ” ಎನ್ನುವುದು ಅವನ ಪದ್ಧತಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವನೇ ಕಲಿಸುತ್ತಿದ್ದ. ನಿಜ ಹೇಳಿದರೆ ಜನ ಕೂಗಾಡುತ್ತಾರೆ, ಹೇಳದಿದ್ದರೆ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಾರೆ. ಕಿಟಕಿಯಲ್ಲಿ ಕಲಿತದ್ದನ್ನು ಈಚೆಗೆ ಮನೆಗೂ ತಂದಿದ್ದ.

ಹೆಂಡತಿಯ ಲಿವರ್‌ನಲ್ಲಿದ್ದದ್ದು ಕ್ಯಾನ್ಸರ್ ಗಡ್ಡೆ. ಅದು ಅವನಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಅವನ ತಂಗಿಗೆ ಗೊತ್ತಿತ್ತು, ಕೊನೆಗೆ ಕೆಳಗಿನ ಮನೆಯಾಕೆಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಗಡ್ಡೆ ಹೊತ್ತವಳಿಗೆ ಮಾತ್ರ.

ಆಸ್ಪತ್ರೆಯ ಬಾಗಿಲಲ್ಲಿ ಮಗಳು ಕಾಯುತ್ತಿದ್ದಳು. ಅಮ್ಮನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅಪ್ಪ ಮಗಳು ಹೊರಗಿನ ಬೆಂಚಿನ ಮೇಲೆ ಕೂತರು. ಅವಳು ಅದೇ ಮಾತನ್ನು ಮತ್ತೆ ಎತ್ತಿದಳು.

“ಅಪ್ಪ, ಇವತ್ತಾದ್ರೂ ಹೇಳಬೇಕಿತ್ತು.”

“ನಿಮ್ಮಜ್ಜಿಗೆ ಅವರ ಕಾಯಿಲೆ ಏನಂತ ಹೇಳಿದ್ದು ನೆನಪಿಲ್ವಾ? ಕೇಳಿದ ದಿನವೇ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದವರು ಮತ್ತೆ ಏಳಲಿಲ್ಲ. ಅವರ ಮಗಳಲ್ವಾ ಇವಳು?”

“ಅದಕ್ಕೆ ಎಷ್ಟು ದಿನ ಅಂತ ನಾವೆಲ್ಲ ನಾಟಕ ಆಡೋದು? ಅಮ್ಮ ನಗಿಸಿದಾಗ ನನಗೆ ನಗೋಕೇ ಆಗಲ್ಲ.”

ಅವನದು ಬರೀ ಮೊಂಡುತನವಲ್ಲ. ಸುದ್ದಿ ಕೇಳಿದ ದಿನದಿಂದ ಅವನ ಒಳಗೆಲ್ಲ ಮರಗಟ್ಟಿ ಹೋಗಿತ್ತು. ಅಳು ಬರುತ್ತಿರಲಿಲ್ಲ, ಹಸಿವು ಆಗುತ್ತಿರಲಿಲ್ಲ. ಕಿಟಕಿಯಲ್ಲಿ ಕೂತು ಬಸ್ಸುಗಳ ಹೊತ್ತು ಬರೆಯುತ್ತಿದ್ದ, ಮನೆಗೆ ಬಂದು ತಟ್ಟೆಗೆ ಬಡಿಸಿದ್ದನ್ನು ತಿನ್ನುತ್ತಿದ್ದ, ಏನು ತಿಂದೆ ಎಂದು ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಈಗಲೂ ಎದುರು ಗೋಡೆಯ ಮೇಲಿದ್ದ ‘ಮೌನವಾಗಿರಿ’ ಎಂಬ ಫಲಕವನ್ನು ಓದುತ್ತಾ ಕೂತ. ಅದರಲ್ಲಿ ಓದಲು ಹೆಚ್ಚೇನೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಸ್ಕ್ಯಾನ್ ನೋಡಿಕೊಂಡು ಚಿಕಿತ್ಸೆ ಮಾಡುತ್ತಿದ್ದ ಡಾಕ್ಟರು, ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದಾದ ಹೆಂಗಸು, ಮುಖಗವಸನ್ನು ಕೆಳಗೆಳೆದುಕೊಂಡು ಹೊರಗೆ ಬಂದಳು.

“ನಿಮ್ಮ ಮನೆಯವರು ನಿಲ್ಲಿಸಿ ಅಂತಿದ್ದಾರೆ.”

ಅವನಿಗೆ ಅರ್ಥವಾಗಲಿಲ್ಲ.

“ಗಡ್ಡೆಯೊಳಗೆ ಸೂಜಿ ಇಟ್ಟು ಅದರ ತುದಿ ಕಾಯಿಸ್ತೀವಿ. ಕಾದಾಗ ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಸ್ಕ್ಯಾನ್‌ನಲ್ಲಿ ಬಿಳಿ ಮೋಡದ ಹಾಗೆ ಕಾಣುತ್ತೆ. ಆ ಮೋಡ ಗಡ್ಡೆಯನ್ನ ಪೂರ್ತಿ ಮುಚ್ಚಿ ಸುತ್ತ ಇನ್ನೂ ಸ್ವಲ್ಪ ಹೊರಗೆ ಬರಬೇಕು. ಒಂದು ಕಡೆ ಅಂಚು ಹಾಗೇ ಇದೆ. ಸೂಜಿ ಸರಿಸಿ ಇನ್ನೊಂದು ಸಲ ಕಾಯಿಸಬೇಕು. ಆದ್ರೆ ಅವರು, ‘ಕೊಬ್ಬಿಗೆ ಇಷ್ಟು ನೋವು ಯಾಕೆ ತಿನ್ನಲಿ, ಉಳಿದದ್ದನ್ನ ನಡೆದು ಕರಗಿಸ್ತೀನಿ’ ಅಂತಾರೆ.” ಡಾಕ್ಟರು ಅವನ ಮುಖವನ್ನೇ ನೋಡಿದಳು. “‘ಅವಳಿಗೆ ಎಲ್ಲಾ ಗೊತ್ತು, ಆ ಪದ ಮಾತ್ರ ಅವಳ ಮುಂದೆ ಆಡಬೇಡಿ’ ಅಂದಿದ್ರಿ ನೀವು.”

“ಹೌದು, ಅಂದಿದ್ದೆ.”

“ನಾನು ಅವರನ್ನೇ ಕೇಳಬೇಕಿತ್ತು. ನನ್ನದೂ ತಪ್ಪಿದೆ.”

“ಇನ್ನೂ ಸ್ವಲ್ಪ ಮಂಪರು ಕೊಟ್ಟು ಮಾಡಿಬಿಡೋಕಾಗಲ್ವಾ ಡಾಕ್ಟ್ರೇ?”

“ಗಡ್ಡೆ ಉಸಿರಿನ ಜೊತೆ ಮೇಲೆ ಕೆಳಗೆ ಓಡಾಡುತ್ತೆ. ಸೂಜಿ ಇಡೋವಾಗ ಅವರೇ ಉಸಿರು ಹಿಡೀಬೇಕು. ಅದಿರಲಿ, ಬೇಡ ಅಂದವರನ್ನ ಮಲಗಿಸಿ ಮಾಡೋಳು ನಾನಲ್ಲ. ಮಂಪರು ಇಳಿದಿದೆ, ಪೂರ್ತಿ ಎಚ್ಚರವಾಗಿದ್ದಾರೆ. ಬೇಡ ಅನ್ನೋ ಹಕ್ಕು ಅವರಿಗಿದೆ. ಏನನ್ನ ಬೇಡ ಅಂತಿದ್ದಾರೆ ಅನ್ನೋದು ಗೊತ್ತಿರಬೇಕಲ್ವಾ?”

“ನೀವೇ ಹೇಳಿಬಿಡಿ.”

“ಹೇಳ್ತೀನಿ. ಕೊಬ್ಬು ಅಂತ ಹೇಳಿದ್ದು ನೀವು. ನಾನು ಹೇಳಿದ್ರೂ ಅವರು ತಿರುಗಿ ನೋಡೋದು ನಿಮ್ಮ ಮುಖಾನೇ.”

“ನಾನು ಹೋಗ್ತೀನಿ,” ಎಂದು ಮಗಳು ಎದ್ದಳು. ಅವನು ಅವಳ ಭುಜದ ಮೇಲೆ ಕೈಯಿಟ್ಟು ಕೂರಿಸಿದ. ನರ್ಸ್ ಕೊಟ್ಟ ಹಸಿರು ನಿಲುವಂಗಿಯನ್ನು ತೊಟ್ಟುಕೊಂಡು ಒಳಗೆ ಹೋದ.

ಪರದೆ ಚೆನ್ನಾಗಿ ಕಾಣಲೆಂದು ಒಳಗೆ ಬೆಳಕನ್ನು ತಗ್ಗಿಸಿದ್ದರು. ಹೆಂಡತಿ ಬಲಗೈಯನ್ನು ತಲೆಯ ಮೇಲಕ್ಕೆ ಮಡಿಚಿಕೊಂಡು ಮಲಗಿದ್ದಳು. ಅವಳಿಗೆ ಕಾಣದಂತೆ ಸ್ಕ್ಯಾನ್ ಪರದೆಯನ್ನು ಆ ಕಡೆ ತಿರುಗಿಸಿ ಇಟ್ಟಿದ್ದರು. ಅದೂ ಅವನೇ ಕೇಳಿಕೊಂಡದ್ದು.

“ಬಂದ್ರಾ? ಸಾಕು ಅಂತ ಹೇಳಿ ಇವರಿಗೆ. ಭುಜ ಕಿತ್ತು ಬರ್ತಿದೆ. ಲಿವರ್ ಕಾಯಿಸಿದ್ರೆ ಭುಜ ನೋಯುತ್ತಂತೆ! ಎಲ್ಲೋ ಅಳತೆ ತಪ್ಪಿದ್ದಾರೆ.”

“ಇನ್ನೇನು ಮುಗೀತು,” ಎಂದ. ಬಾಯಿಗೆ ರೂಢಿಯಾಗಿದ್ದ ಮಾತು, ತಾನಾಗಿಯೇ ಬಂದುಬಿಟ್ಟಿತು. ನರ್ಸ್ ತಲೆ ತಗ್ಗಿಸಿದಳು. ಅವನು ಮಂಚದ ಕಂಬಿ ಹಿಡಿದು ನಿಂತು ಸ್ವಲ್ಪ ಹೊತ್ತು ಮಾತು ಹುಡುಕಿದ. ಮೆತ್ತಗಿನ ಮಾತು ಯಾವುದೂ ಸಿಗಲಿಲ್ಲ.

“ಅದು ಕೊಬ್ಬಲ್ಲ ಕಣೇ.”

“ಮತ್ತೆ?”

“ಕ್ಯಾನ್ಸರ್.”

ಯಂತ್ರದೊಳಗಿನ ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು. ಅವಳು ಅವನನ್ನು ನೋಡುತ್ತಲೇ ಇದ್ದಳು.

“ಯಾವಾಗಿಂದ ಗೊತ್ತು?”

“ಮೊದಲನೇ ಸ್ಕ್ಯಾನ್ ಆದಾಗಿಂದ.”

“ಮಗಳಿಗೆ?”

“ಗೊತ್ತು. ಹೇಳೋಣ ಹೇಳೋಣ ಅಂತಲೇ ಇದ್ದಳು. ನಾನೇ ಬಾಯಿ ಮುಚ್ಚಿಸಿದೆ.”

“ನಿಮ್ಮ ತಂಗಿಗೆ?”

“ಹೂಂ.”

“ಕೆಳಗಿನ ಮನೆಯವಳಿಗೆ?”

ಅವನು ನೆಲ ನೋಡಿದ.

“ಅದಕ್ಕೇನಾ! ಮೊನ್ನೆ ಅಳತೆ ಕೊಡೋಕೆ ಅಂತ ಬಂದವಳು ಸುಮ್ಮನೆ ನನ್ನ ಕೈ ಹಿಡ್ಕೊಂಡು ಕಣ್ಣಲ್ಲಿ ನೀರು ಹಾಕಿದಳು. ಪಾಪ, ಅವಳಿಗೇ ಏನೋ ಕಷ್ಟ ಅಂತ ನಾನು ಸಮಾಧಾನ ಹೇಳಿ ಕಳಿಸಿದೆ.” ಅವಳ ಧ್ವನಿ ಏರಲಿಲ್ಲ. “ನನ್ನ ಮೈಯಿನ ಸುದ್ದಿ ಎಲ್ಲರ ಮನೆ ಸುತ್ತಿ ಬಂತು. ನನ್ನ ಹತ್ರ ಮಾತ್ರ ಬರಲಿಲ್ಲ.”

“ನಿಮ್ಮಮ್ಮನ ಹಾಗೆ ನೀನೂ ಊಟ ಬಿಟ್ಟು ಮಲಗಿಬಿಟ್ರೆ ಅಂತ ಹೆದರಿದೆ ಕಣೇ. ನೀನಿಲ್ಲದೆ ನನಗೆ...”

“ಅಮ್ಮ ಕೇಳಿದ್ದಕ್ಕೆ ಊಟ ಬಿಟ್ಟಿದ್ದಲ್ಲ. ತಿಂದದ್ದು ಹೊಟ್ಟೇಲಿ ನಿಲ್ತಿರಲಿಲ್ಲ. ಪಕ್ಕದಲ್ಲಿ ಕೂತು ತಿನ್ನಿಸ್ತಿದ್ದವಳು ನಾನು. ನೀವು ಬಾಗಿಲಿಂದ ನೋಡ್ಕೊಂಡು ಹೋಗ್ತಿದ್ರಿ.”

ಅದು ನಿಜ. ಇಷ್ಟು ದಿನ ತಾನು ನೆಚ್ಚಿಕೊಂಡಿದ್ದ ಒಂದೇ ಒಂದು ಕಾರಣವೂ ಬಾಗಿಲಿಂದ ನೋಡಿದ್ದು ಎಂದು ಅವನಿಗೆ ಆಗ ತಿಳಿಯಿತು.

“ಅಳು ಬರ್ತಿಲ್ಲ,” ಎಂದಳು ಹೆಂಡತಿ, ತನಗೆ ತಾನೇ ಹೇಳಿಕೊಳ್ಳುವಂತೆ. “ಈ ಔಷಧಿಗೋ ಏನೋ.” ಆಮೇಲೆ ಡಾಕ್ಟರ ಕಡೆ ಕತ್ತು ತಿರುಗಿಸಿದಳು. “ಆ ಟೀವಿ ಈ ಕಡೆ ತಿರುಗಿಸ್ತೀರಾ?”

ಡಾಕ್ಟರು ಪರದೆಯನ್ನು ತಿರುಗಿಸಿದಳು. ಬೂದು ಬಣ್ಣದ ನಡುವೆ ಬಿಳಿಯದೊಂದು ಹರಡಿಕೊಂಡಿತ್ತು. ಅದರ ಒಂದು ಪಕ್ಕದಲ್ಲಿ ಉಗುರಿನಷ್ಟು ಜಾಗ ಕಪ್ಪಾಗಿಯೇ ಉಳಿದಿತ್ತು. ಡಾಕ್ಟರು ಅಲ್ಲಿಗೆ ಬೆರಳು ತೋರಿಸಿ, ಬಿಟ್ಟರೆ ಏನಾಗಬಹುದು, ಕಾಯಿಸಿದರೆ ಎಷ್ಟು ನೋಯಬಹುದು, ಎರಡನ್ನೂ ಬಿಡಿಸಿ ಹೇಳಿದಳು. “ಬೇಡ ಅಂದ್ರೆ ಈಗಲೂ ನಿಲ್ಲಿಸ್ತೀನಿ ಅಮ್ಮ.”

ಹೆಂಡತಿ ಪರದೆಯ ಮೇಲಿನ ಆ ಕಪ್ಪು ಅಂಚನ್ನು ಕಣ್ಣಲ್ಲೇ ಅಳೆದಳು.

“ಅಂಚು ಮಡಿಸದೆ ಬಿಟ್ರೆ ಬಟ್ಟೆ ಬಿಚ್ಕೊಂಡು ಹೋಗುತ್ತೆ,” ಎಂದಳು ಕೊನೆಗೆ. “ಉಸಿರು ಯಾವಾಗ ಹಿಡೀಬೇಕು ಹೇಳಿ.”

ಅವನು ಅವಳ ಎಡಗೈ ಹಿಡಿಯಲು ಕೈ ಚಾಚಿದ. ಅವಳು ಹಿಡಿಯಲಿಲ್ಲ, ಎಳೆದುಕೊಳ್ಳಲೂ ಇಲ್ಲ. “ಈಗ ಉಸಿರು ಹಿಡೀರಿ,” ಎಂದಳು ಡಾಕ್ಟರು. ಅವಳು ಉಸಿರು ಹಿಡಿದಳು. ಸೂಜಿ ಸರಿಯಿತು. ಮತ್ತೆ ಕಾವು ಏರಿದಾಗ ಹಲ್ಲು ಕಚ್ಚಿ ಕಣ್ಣನ್ನು ಪರದೆಯ ಮೇಲೇ ನೆಟ್ಟಳು. ಬಿಳಿ ಮೋಡ ಮೆಲ್ಲಗೆ ಆ ಕಪ್ಪು ಅಂಚಿನ ಮೇಲೆ ಹಬ್ಬಿತು.

“ಮುಗೀತಾ?” ಎಂದು ಗಂಡ ಕೇಳಿದ.

“ಮೋಡ ಮುಚ್ಚಿದ್ದೆಲ್ಲ ಸುಟ್ಟಿದೆ ಅಂತ ಹೇಳೋಕಾಗಲ್ಲ. ಅದು ಇಳಿದ ಮೇಲೆ, ನಾಳೆ ರಕ್ತದ ಹರಿವು ತೋರಿಸೋ ಔಷಧಿ ನರಕ್ಕೆ ಕೊಟ್ಟು ಮತ್ತೆ ಸ್ಕ್ಯಾನ್ ಮಾಡ್ತೀನಿ. ಆಗಲೇ ಗೊತ್ತಾಗೋದು.”

ಅವತ್ತೆಲ್ಲ ಅವಳು ಅವನ ಜೊತೆ ಮಾತಾಡಲಿಲ್ಲ. ಮಗಳು ಕುಡಿಸಿದ ಗಂಜಿಯನ್ನು ಪೂರ್ತಿ ಕುಡಿದಳು. ಗೋಡೆಯ ಕಡೆ ತಿರುಗಿ ಮಲಗಲಿಲ್ಲ. ಅವನು ಸ್ಟೂಲಿನ ಮೇಲೆ ಕೂತು, ಅವಳು ಕುಡಿದಿಟ್ಟ ಲೋಟವನ್ನು ಎರಡು ಸಲ ತೊಳೆದಿಟ್ಟ.

ಮರುದಿನ ಸ್ಕ್ಯಾನ್ ಆಗಿ ಹೆಂಡತಿ ವಾರ್ಡಿಗೆ ಮರಳಿದ ಮೇಲೆ ನರ್ಸ್ ಬಾಗಿಲಲ್ಲಿ ತಲೆ ಹಾಕಿದಳು. “ಪೇಷೆಂಟ್ ಕಡೆಯವರು ಸ್ವಲ್ಪ ಹೊರಗೆ ಬನ್ನಿ. ರಿಪೋರ್ಟ್ ಬಂದಿದೆ.”

ಅವನು ಅರ್ಧ ಎದ್ದವನು ಅಲ್ಲೇ ನಿಂತ. “ಡಾಕ್ಟರನ್ನ ಇಲ್ಲಿಗೇ ಬರೋಕೆ ಹೇಳಮ್ಮಾ. ಪೇಷೆಂಟ್ ಇಲ್ಲೇ ಇದ್ದಾಳೆ.”

ಡಾಕ್ಟರು ಬಂದಾಗ ಅವನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದು ಅವಳಿಗೆ ಬಿಟ್ಟುಕೊಟ್ಟ. ಆಮೇಲೆ ಹೆಂಡತಿಗೆ, “ನೀನು ಕೇಳ್ಕೋ,” ಎಂದ. “ನಾನು ಹೊರಗಿರ್ತೀನಿ. ಆಮೇಲೆ ನನಗೆ ಎಷ್ಟು ಹೇಳಬೇಕು ಅನ್ಸುತ್ತೋ ಅಷ್ಟು ಹೇಳು.”

ಬಾಗಿಲು ಮುಚ್ಚಿಕೊಂಡಿತು. ಒಳಗೆ ಮಾತು ನಡೆದಿರುವುದು ಕೇಳುತ್ತಿತ್ತು, ಮಾತು ಏನೆಂದು ಕೇಳುತ್ತಿರಲಿಲ್ಲ. ತನ್ನ ಬದುಕಿನ ಸುದ್ದಿ ಗೋಡೆಯಾಚೆ ಬೇರೆಯವರ ಬಾಯಲ್ಲಿರುವಾಗ ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಅವನಿಗೆ ಗೊತ್ತಾಯಿತು. ಮಗಳು ಪಕ್ಕಕ್ಕೆ ಬಂದು ನಿಂತಳು.

ಡಾಕ್ಟರು ಹೊರಗೆ ಬಂದು ಅವನಿಗಾಗಿ ಬಾಗಿಲನ್ನು ತೆರೆದು ಹಿಡಿದಳು.

ಹೆಂಡತಿ ದಿಂಬಿಗೆ ಒರಗಿ ಕೂತಿದ್ದಳು.

“ಅಂಚು ಪೂರ್ತಿ ಸುಟ್ಟಿದೆಯಂತೆ,” ಎಂದಳು. “ಆದ್ರೆ ಬೇರೆ ಕಡೆ ಬರಲ್ಲ ಅಂತ ಮಾತು ಕೊಡೋಕಾಗಲ್ವಂತೆ. ಕೆಲವು ತಿಂಗಳಿಗೊಮ್ಮೆ ನೋಡಿಸ್ತಾ ಇರಬೇಕು. ಬಂದ್ರೆ ಮತ್ತೆ ಕಾಯಿಸಬೇಕು. ಅದೂ ಆಗದೆ ಇರೋ ದಿನ ಬಂದ್ರೂ ಬರಬಹುದು. ಅಷ್ಟೇ ಹೇಳಿದ್ದು. ಒಂದು ಮಾತೂ ಬಿಟ್ಟಿಲ್ಲ.”

ಅವನು ಬಾಗಿಲ ಹತ್ತಿರವೇ ನಿಂತಿದ್ದ.

“ಇದ್ದದ್ದು ಇದ್ದ ಹಾಗೇ ಹೇಳಿದ್ದೀನಿ ನಿಮಗೆ,” ಎಂದಳು ಹೆಂಡತಿ. “ಯಾರಾದ್ರೂ ಬಂದು ಎದೆಗೆ ಒದ್ರಾ?”

ಅವನು ಇಲ್ಲವೆಂದು ತಲೆಯಾಡಿಸಿದ. ಅಷ್ಟು ದಿನ ಬಾರದಿದ್ದ ಅಳು ಆಗ ಬಂತು. ಅವಳು ಅದನ್ನು ನೋಡಿದಳು. ಸಮಾಧಾನ ಮಾಡಲು ಹೋಗಲಿಲ್ಲ. ನೋಯುವ ಪಕ್ಕೆಯನ್ನು ಒತ್ತಿ ಹಿಡಿದುಕೊಂಡು, ಕಾಲುಗಳನ್ನು ಮೆಲ್ಲಗೆ ಒಂದು ಕಡೆ ಸರಿಸಿ, ಮಂಚದ ಮೇಲೆ ಅವನಿಗೆ ಕೂರಲು ಜಾಗ ಮಾಡಿದಳು.