ಮಾವನ ಪಕ್ಕದ ಸೀಟು

ಹಲ್ಲಿನ ಡಾಕ್ಟರು ಅತ್ತೆಯ ಬಾಯಿಗೆ ಹತ್ತಿ ತುರುಕಿದ್ದಾರೆಂದು ತಿಳಿದಾಗ ಅಳಿಯನಿಗೆ ಒಳಗೊಳಗೇ ಸಮಾಧಾನವಾಗಿತ್ತು. ವಾಪಸ್ಸು ಹೋಗುವಾಗಲಾದರೂ ಕಾರಿನಲ್ಲಿ ಸದ್ದಿರುವುದಿಲ್ಲ.

ಕಾರು ಹತ್ತಿದರೆ ಸಾಕು, ಅತ್ತೆಯ ಬಾಯಿ ನಿಲ್ಲುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ‘ಎಡಕ್ಕೆ ಸೈಕಲ್ಲು, ಬಲಗಡೆ ಮುದುಕಿ ನಿಂತಿದಾಳೆ, ಅಗೋ ನಾಯಿ’ ಎಂದು ದಾರಿಯುದ್ದಕ್ಕೂ ಒಪ್ಪಿಸುತ್ತಿದ್ದರು. ಬಸ್ಸು ಓಡಿಸಿ ನಿವೃತ್ತರಾದ ಮಾವನಿಗೇ ರಸ್ತೆ ಹೇಳಿಕೊಡುತ್ತಾರಲ್ಲ ಎಂದು ಅಳಿಯನೂ ಅವನ ಹೆಂಡತಿಯೂ ಹಿಂದೆ ಕೂತು ನಗುತ್ತಿದ್ದರು. ಒಮ್ಮೆ ಊಟಕ್ಕೆ ಕೂತಾಗ ಅಳಿಯ, ‘ಅತ್ತೆಗೊಂದು ಮೈಕು ಕೊಡಿಸ್ಬೇಕು’ ಅಂದಿದ್ದ. ಎಲ್ಲರೂ ನಕ್ಕರು. ಮಾವ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾವನೆಂದರೆ ಅವನಿಗೆ ಮೊದಲಿಂದಲೂ ಭಯ. ಅವರು ಬಯ್ದವರಲ್ಲ, ಹೊಡೆದವರಲ್ಲ. ಆದರೂ ಅವರು ಕೆಮ್ಮಿದರೆ ಇವನು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ. ಡಿಪೋದ ಅರ್ಧ ಡ್ರೈವರುಗಳಿಗೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದ ಮನುಷ್ಯ. ತಮ್ಮ ಬಸ್ಸಿಗೆ ಒಂದು ಗೀರೂ ಬಿದ್ದಿಲ್ಲ ಎಂಬುದು ಅವರು ಹೇಳಿಕೊಳ್ಳುತ್ತಿದ್ದ ಒಂದೇ ಒಂದು ಜಂಬದ ಮಾತು. ಅಳಿಯನೋ ಬೇಕರಿಯಲ್ಲಿ ಕೇಕಿನ ಮೇಲೆ ಹೂವು ಬಿಡಿಸಿ ಹೆಸರು ಬರೆಯುವವನು. ಗಾಡಿ ಓಡಿಸಲು ಬಾರದು. ಹೆಂಡತಿ ಬಸುರಿಯಾದ ಮೇಲೆ ಇಬ್ಬರೂ ಅವಳ ತವರಿನ ಮಹಡಿಯ ಕೋಣೆಗೆ ಬಂದು ಸೇರಿದ್ದರು. ಅಂದಿನಿಂದ ಅವನು ಮೆಟ್ಟಿಲನ್ನೂ ಬೆಕ್ಕಿನ ಹಾಗೆ ಇಳಿಯುತ್ತಿದ್ದ.

ಆ ದಿನ ನಾಲ್ವರೂ ಬೆಟ್ಟದ ಆಚೆಯ ಪಟ್ಟಣಕ್ಕೆ ಹೋಗಿದ್ದರು. ಹೆಂಡತಿಗೆ ತಪಾಸಣೆ, ಅತ್ತೆಗೆ ಹಲ್ಲು ಕೀಳಿಸುವುದು. ಹಲ್ಲಿನ ಡಾಕ್ಟರ ಹೊರಕೋಣೆಯ ಮೂಲೆಯಲ್ಲಿದ್ದ ಟೀವಿಯಲ್ಲಿ ಯಾವುದೋ ಮಲಯಾಳಂ ಹಾಸ್ಯಚಿತ್ರ ಬರುತ್ತಿತ್ತು. ಅದರಲ್ಲೊಬ್ಬ ಅಳಿಯ ಹೆಂಡತಿಯ ಮನೆಯವರಿಗೆ ಹೆದರಿ ಮಂಚದ ಕೆಳಗೆ ಅಡಗುತ್ತಿದ್ದ. ಕಾದು ಕೂತವರೆಲ್ಲ ಹಲ್ಲುನೋವು ಮರೆತು ನಕ್ಕರು. ಇವನು ಮಾವನ ಕಡೆ ನೋಡಲು ಹೆದರಿ ನೆಲ ನೋಡಿದ. ಮಾವ ಟೀವಿ ನೋಡಲು ಕತ್ತು ಮಾತ್ರವಲ್ಲ, ಇಡೀ ಮೈಯನ್ನೇ ತಿರುಗಿಸಿ ಕೂತಿದ್ದು ಓರೆಗಣ್ಣಿಗೆ ಬಿತ್ತು. ಕುತ್ತಿಗೆ ಹಿಡಿದಿರಬೇಕು ಅಂದುಕೊಂಡ.

ಹೊರಡುವಾಗ ಸಂಜೆಯಾಗಿತ್ತು. ಅತ್ತೆ ಊದಿದ ಕೆನ್ನೆ ಹಿಡಿದುಕೊಂಡು ಮುಂದಿನ ಬಾಗಿಲಿಗೆ ಕೈ ಹಾಕಿದರು.

‘ನೀನು ಹಿಂದೆ ಮಗಳ ಜೊತೆ ಒರಗಿಕೊ. ಅಳಿಯಂದ್ರು ಮುಂದೆ ಕೂತ್ಕೊಳ್ಲಿ’ ಎಂದರು ಮಾವ.

ಅತ್ತೆ ತಲೆ ಅಲ್ಲಾಡಿಸಿದರು. ಬಾಗಿಲ ಹಿಡಿ ಬಿಡಲಿಲ್ಲ. ಏನೋ ಹೇಳಹೋದರು, ಹತ್ತಿಯ ಆಚೆಯಿಂದ ‘ಊಂ ಊಂ’ ಎಂಬ ಸದ್ದಷ್ಟೇ ಬಂತು.

‘ಅಮ್ಮಾ, ಹಟ ಮಾಡಬೇಡ, ಬಾ’ ಎಂದು ಮಗಳು ಕೈ ಹಿಡಿದು ಹಿಂದಕ್ಕೆ ಕರೆದುಕೊಂಡಳು. ಕೂರುವ ಮೊದಲು ಅತ್ತೆ ಅಳಿಯನನ್ನು ಒಮ್ಮೆ ನೋಡಿದರು. ಆ ನೋಟ ಅವನಿಗೆ ಅರ್ಥವಾಗಲಿಲ್ಲ.

ಪೇಟೆಯ ಬೀದಿ ದಾಟುವ ಮೊದಲೇ ಎಡಗಡೆ ಕನ್ನಡಿಗೆ ಏನೋ ತಾಗಿ ‘ಟಪ್’ ಎಂದಿತು. ಸೈಕಲ್ಲಿನವನೊಬ್ಬ ಗೋಡೆಗೆ ಒರಗಿ ಬಯ್ಯುತ್ತಿದ್ದ. ಮಾವ ನೇರ ಮುಂದೆ ನೋಡುತ್ತಲೇ ಇದ್ದರು.

‘ಏನದು ಸದ್ದು?’

‘ಗೊತ್ತಾಗ್ಲಿಲ್ಲ ಮಾವ.’

ಹಿಂದಿನಿಂದ ಅವನ ಭುಜಕ್ಕೊಂದು ಬೆರಳು ಚುಚ್ಚಿತು. ಮುಂದಿನ ಕೂಡುರಸ್ತೆಯಲ್ಲಿ ಬಲಗಡೆಯಿಂದ ಹೆಂಗಸೊಬ್ಬಳು ತಳ್ಳುಗಾಡಿ ತಳ್ಳುತ್ತ ಬಂದಳು. ಕಾರಿನ ವೇಗ ಇಳಿಯಲಿಲ್ಲ. ಅವಳೇ ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡಳು. ಈ ಸಲ ಭುಜಕ್ಕೆ ಪೂರ್ತಿ ಅಂಗೈ ಬಿತ್ತು. ತಿರುಗಿ ನೋಡಿದ. ಅತ್ತೆಯ ಕಣ್ಣಲ್ಲಿ ನೀರಿತ್ತು. ಅವರು ಮಾವನ ಕಡೆ ತೋರಿಸಿ, ತಮ್ಮ ಎರಡೂ ಅಂಗೈಗಳನ್ನು ಕಣ್ಣುಗಳ ಪಕ್ಕ ಕುದುರೆಯ ಕಣ್ಣುಪಟ್ಟಿಯ ಹಾಗೆ ಇಟ್ಟುಕೊಂಡರು.

ಅಳಿಯನಿಗೆ ಆಗ ಹೊಳೆಯಿತು. ಸೈಕಲ್ಲು, ಮುದುಕಿ, ನಾಯಿ. ಅತ್ತೆ ಇಷ್ಟು ದಿನ ಒಂದೇ ಸಮ ವಟಗುಟ್ಟಿದ್ದು ಬಾಯಿಚಪಲಕ್ಕಲ್ಲ. ಮಾವನಿಗೆ ಎದುರಿನ ತುಂಡು ರಸ್ತೆ ಬಿಟ್ಟರೆ ಅಕ್ಕಪಕ್ಕ ಏನೂ ಕಾಣುತ್ತಿರಲಿಲ್ಲ.

ನಿಲ್ಲಿಸಿ ಅನ್ನಬೇಕೆಂದುಕೊಂಡ. ಆದರೆ ಆ ಮನುಷ್ಯನಿಗೆ, ಅದೂ ಮಗಳ ಎದುರಿಗೆ, ‘ನಿಮಗೆ ಕಣ್ಣು ಕಾಣಲ್ಲ’ ಅನ್ನುವುದು ಹೇಗೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

‘ಮಾವ, ಎಡಗಡೆ ಯಾರೋ ನಡ್ಕೊಂಡು ಹೋಗ್ತಿದಾರೆ’ ಎಂದ, ಸುಮ್ಮನೆ ಮಾತಿಗೆ ಹೇಳಿದಂತೆ.

ಸ್ಟಿಯರಿಂಗ್ ತುಸು ಬಲಕ್ಕೆ ತಿರುಗಿತು.

ಮಾವ ಗದರಿಸಿದ್ದರೆ ಅಳಿಯನ ಜೀವಕ್ಕೆ ನೆಮ್ಮದಿಯಾಗುತ್ತಿತ್ತೇನೋ. ಯಾರ ಮಾತಿಗೂ ಬಗ್ಗದ ಆ ಕೈ ಕೇಕು ಮಾಡುವವನ ಮಾತಿಗೆ ಬಗ್ಗಿತಲ್ಲ, ಅದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಹುಟ್ಟಿಸಿತು.

ಬೆಟ್ಟದ ರಸ್ತೆ ಶುರುವಾಯಿತು. ಎಡಕ್ಕೆ ಪ್ರಪಾತ. ಮಂಜು ಇಳಿಯುತ್ತಿತ್ತು, ಬೆಳಕು ಕಂದುತ್ತಿತ್ತು. ಅಳಿಯ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಕಂಡಿದ್ದನ್ನೆಲ್ಲ ಹೇಳತೊಡಗಿದ. ಕಲ್ಲು, ಗುಂಡಿ, ಎದುರಿಗೆ ಬೈಕು. ಆದರೆ ಗಾಡಿ ಓಡಿಸಿ ಗೊತ್ತಿಲ್ಲದವನಿಗೆ ಯಾವುದನ್ನು ಎಷ್ಟು ಮುಂಚೆ ಹೇಳಬೇಕೆಂದು ಹೇಗೆ ತಿಳಿಯಬೇಕು? ಒಂದು ತಿರುವನ್ನು ತಡವಾಗಿ ಹೇಳಿದ. ಎಡಗಾಲಿ ಡಾಂಬರು ಬಿಟ್ಟು ಜಲ್ಲಿಯ ಮೇಲೆ ಜಾರಿತು. ಕಿಟಕಿಯ ಕೆಳಗೆ ನೆಲವೇ ಕಾಣಲಿಲ್ಲ, ಬರೀ ಮಂಜು. ಮಾವ ಹೇಗೋ ಗಾಡಿಯನ್ನು ಮೇಲಕ್ಕೆ ಎಳೆದರು.

‘ಅಪ್ಪಾ, ನಿಧಾನ. ಏನಾಯ್ತು?’ ಹೆಂಡತಿ ಹೊಟ್ಟೆ ಹಿಡಿದುಕೊಂಡು ಕೇಳಿದಳು.

‘ಏನಿಲ್ಲ ಮಗಳೇ. ರಸ್ತೆ ಸರಿಯಿಲ್ಲ.’

ಮಾವನ ಮೇಲ್ತುಟಿಯ ಮೇಲೆ ಬೆವರಿತ್ತು. ಅವರಿಗೂ ಹೆದರಿಕೆಯಾಗಿದೆ ಎಂದು ಅಳಿಯನಿಗೆ ತಿಳಿದಿದ್ದು ಆಗ.

ಮುಂದಿನ ತಿರುವು ಕಳೆಯುತ್ತಲೇ ರಸ್ತೆಯ ಅಂಚಿನಲ್ಲಿ ಕಲ್ಲುಗಳ ಸಾಲು ಕಂಡಿತು. ಯಾರೋ ಗುರುತಿಗೆ ಇಟ್ಟಿದ್ದು. ಅದರಾಚೆ ಏನೋ ಕಪ್ಪಗೆ.

‘ನಿಲ್ಸಿ. ಮಾವ, ನಿಲ್ಸಿ.’

ಕಾರು ಕಿರುಗುಟ್ಟಿ, ಒಂದು ಕಲ್ಲಿಗೆ ಗುದ್ದಿ ನಿಂತಿತು. ದೀಪವಿಲ್ಲದೆ ಕೆಟ್ಟು ನಿಂತ ಲಾರಿ ಅದು. ಅದರ ಹಿಂದಿನಿಂದ ಹೊರಚಾಚಿದ್ದ ಕಬ್ಬಿಣದ ಸರಳುಗಳ ತುದಿ ಗಾಜಿನಿಂದ ಗೇಣು ದೂರದಲ್ಲಿ, ಸರಿಯಾಗಿ ಅಳಿಯನ ಮುಖಕ್ಕೆ ನೇರವಾಗಿತ್ತು.

ಲಾರಿಯವನು ಟಾರ್ಚು ಹಿಡಿದು ಓಡಿಬಂದ. ‘ಏನ್ರೀ, ಕಣ್ಣು ಕಾಣಲ್ವಾ ನಿಮಗೆ?’

ಅವನು ಗೊಣಗುತ್ತ ಹೋದ ಮೇಲೆ ಮಾವ ಮತ್ತೆ ಗಾಡಿ ಚಾಲೂ ಮಾಡಿದರು. ‘ರಿವರ್ಸ್ ತಗೋತೀನಿ. ಹಿಂದೆ ನೋಡಿ ಹೇಳಿ.’

ಹಿಂದೆ ತಿರುವು, ತಿರುವಿನ ಪಕ್ಕ ಪ್ರಪಾತ. ಅಳಿಯ ಕೈ ಚಾಚಿ ಕೀಲಿ ತಿರುಗಿಸಿ ಹೊರಗೆಳೆದುಕೊಂಡ. ತನ್ನ ಕೈ ಹಾಗೆ ಮಾಡಿದ್ದು ಅವನಿಗೇ ನಂಬಲಾಗಲಿಲ್ಲ.

‘ಕೀ ಕೊಡು.’ ಅದುವರೆಗೆ ಬಹುವಚನ ಬಿಟ್ಟು ಮಾತಾಡಿಸದ ಮಾವ.

‘ಕೊಡಲ್ಲ ಮಾವ.’ ದನಿ ದಾರದಷ್ಟು ತೆಳ್ಳಗೆ ಬಂತು.

‘ಅಪ್ಪನ ಹತ್ರ ಇದೇನು ಮಾಡ್ತಿದೀರಾ ನೀವು?’ ಎಂದಳು ಹೆಂಡತಿ.

ಅತ್ತೆ ಬಾಯಿಗೆ ಬೆರಳು ಹಾಕಿ ಹತ್ತಿಯನ್ನು ಕಿತ್ತು ತೆಗೆದರು. ಗಲ್ಲದ ಮೇಲೆ ರಕ್ತ ಇಳಿಯಿತು. ‘ಕೊಡಬೇಡಿ’ ಎಂದರು ತೊದಲುತ್ತ. ‘ಅವ್ರಿಗೆ ಕಾಣ್ಸಲ್ಲ. ಒಂದು ವರ್ಷದಿಂದ ಕಾಣ್ಸಲ್ಲ. ಯಾರಿಗೂ ಹೇಳ್ಬೇಡ ಅಂತ ನನ್ನ ಬಾಯಿ ಕಟ್ಟಿದ್ರು.’

ಮಾವ ಸ್ಟಿಯರಿಂಗಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಮಗಳು ‘ಅಪ್ಪಾ’ ಎಂದಳು. ಅವರು ತಿರುಗಲಿಲ್ಲ.

ಸ್ವಲ್ಪ ಹೊತ್ತಿಗೆ ಬಸ್ಸೊಂದು ಬಂತು. ಅದರ ಡ್ರೈವರು ಮಾವನ ಹಳೆಯ ಶಿಷ್ಯ. ‘ಗುರುಗಳೇ, ಗಾಡಿ ಕೆಟ್ಟಿತಾ?’ ಎಂದು ಇಳಿದು ಬಂದ. ‘ಹೂಂ, ಕೆಟ್ಟಿದೆ’ ಎಂದರು ಮಾವ. ಕಾರನ್ನು ಅಲ್ಲೇ ಬಿಟ್ಟು ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಎಲ್ಲಿದೆಯೆಂದು ಕೈಯಿಂದ ತಡಕಿದರು. ಅಳಿಯನ ಪಕ್ಕದಲ್ಲಿ ಕೂತು, ಪ್ರತಿ ತಿರುವಿಗೂ ಬಲಗಾಲಿನಿಂದ ಬಸ್ಸಿನ ನೆಲವನ್ನು ಒತ್ತುತ್ತಿದ್ದರು. ಅಳಿಯನ ಕಾಲೂ ಹಾಗೇ ಒತ್ತುತ್ತಿತ್ತು.

ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಹೋದ ದೃಷ್ಟಿ ಹೋಯಿತು, ಉಳಿದಿದ್ದನ್ನು ಉಳಿಸಿಕೊಳ್ಳಲು ಪ್ರತಿದಿನ ಹನಿ ಹಾಕಬೇಕು ಎಂದರು. ಮಾವ ಕಾರನ್ನು ಮಾರಿದರು. ಅಳಿಯನ ಜೊತೆ ಮಾತು ಬಿಟ್ಟರು. ಉಪ್ಪು ಬೇಕಾದರೂ ಅತ್ತೆಯ ಮೂಲಕವೇ ಕೇಳುತ್ತಿದ್ದರು. ತಪ್ಪು ಮಾಡಿದೆನೋ ಎಂದು ಅವನು ಒಮ್ಮೊಮ್ಮೆ ಕೊರಗಿದ. ಸರಳುಗಳ ತುದಿ ನೆನಪಾದಾಗ ಕೊರಗು ನಿಲ್ಲುತ್ತಿತ್ತು.

ಅತ್ತೆ ಹನಿ ಹಾಕಲು ಹೋದರೆ ದಿನವೂ ಜಗಳ. ಅವರ ಕೈ ನಡುಗುತ್ತಿತ್ತು, ಮಾವ ರೆಪ್ಪೆ ಮುಚ್ಚುತ್ತಿದ್ದರು. ಒಂದು ಬೆಳಿಗ್ಗೆ ಅಳಿಯ ಬೇಕರಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಮಾವ ಕುರ್ಚಿಯಲ್ಲಿ ಕೂತಲ್ಲಿಂದಲೇ ಸೀಸೆ ಚಾಚಿದರು. ‘ಇದನ್ನ ಹಾಕಿ ಹೋಗು.’

ಮೊದಲ ಹನಿ ಕೆನ್ನೆಗೆ ಬಿತ್ತು.

‘ಕಣ್ಣು ಎಲ್ಲಿದೆ ಅಂತ ನಿಂಗೂ ಕಾಣ್ಸಲ್ವಾ?’

ಅಡುಗೆಮನೆಯಲ್ಲಿ ಅತ್ತೆ ನಕ್ಕ ಸದ್ದು ಕೇಳಿತು. ಅಳಿಯನಿಗೆ ನಗಲು ಧೈರ್ಯ ಬರಲಿಲ್ಲ. ಆ ಹಣೆಯ ಮೇಲೆ ಮೊದಲ ಬಾರಿಗೆ ಬೆರಳಿಟ್ಟು, ರೆಪ್ಪೆ ಬಿಡಿಸಿ, ಎರಡನೆಯ ಹನಿ ಸರಿಯಾಗಿ ಬಿಟ್ಟ. ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಮಾವ ಅವನ ಮಣಿಕಟ್ಟು ಹಿಡಿದುಕೊಂಡರು.

‘ಪೂರ್ತಿ ಹೋಗುತ್ತಾ?’ ಅಡುಗೆಮನೆಗೆ ಕೇಳದಷ್ಟು ಮೆಲ್ಲಗೆ ಕೇಳಿದರು.

‘ಗೊತ್ತಿಲ್ಲ ಮಾವ.’

ಮಾವ ಕಣ್ಣು ಮುಚ್ಚಿಕೊಂಡರು. ಹಿಡಿದ ಕೈ ಬಿಡಲಿಲ್ಲ. ಬೇಕರಿಗೆ ಹೊತ್ತಾಗುತ್ತಿತ್ತು, ಅಳಿಯ ಹಾಗೇ ಬಗ್ಗಿ ನಿಂತಿದ್ದ.